ಇಲ್ಲಿತನಕ ನೀರು

ನವನಗರದಾಗ ದೀಪ ಹತ್ತೂ ಹೊತ್ತಿಗೆ
ರಾಚಪ್ಪ ಕಡಪಟ್ಟಿ ಬಂದರು ನಮ್ಮ ಔಷಧಿ ಅಂಗಡಿಗೆ,
ಕಂಕುಳಾಗ ಜವಳಿ ಅಂಗಡಿ ಚೀಲ,
ಚೀಲದಾಗ ಪಾಲಿಸಿ, ಮೂವತ್ತೆಂಟು ಹಾಳಿ.
‘ಶಾಕಿರಾ, ನಿನ್ನ ಕಣ್ಣು ಸಣ್ಣಕ್ಷರ ಓದತಾವ,
ನಂದು ದೊಡ್ಡದೂ ಓದಂಗಿಲ್ಲ. ಇಷ್ಟು ಬಿಡಿಸಿ ಹೇಳವ್ವಾ.’

ಹುಡುಗ ಒಬ್ಬ ಬಂದಿದ್ದನಂತ, ಕೊರಳಾಗ ನೀಲಿ ಪಟ್ಟಿ.
‘ಬರೇ ದವಾಖಾನಿ ಖರ್ಚಲ್ಲರಿ ಅಜ್ಜಾರ, ದಿನದ ಗುಳಿಗೀನೂ ಒಳಗ’
ಅಂದು, ಚಾ ಕುಡದು, ಎಂಟು ಕಡೆ ಸಹಿ ತಗೊಂಡು ಹೋದ.

ಅವರ ಐದೂ ಗುಳಿಗಿ ಗಾಜಿನ ಮ್ಯಾಲೆ ಸಾಲಿಗಿಟ್ಟೆ.
ಬಿಪಿದು ಒಳಗೈತಿ, ಆದರ ಈ ಕಂಪನಿದಲ್ಲ,
ಅವರ ಯಾದಿಯೊಳಗಿನ ಬ್ಯಾರೆ ಹೆಸರಿಂದು.
ಸಕ್ಕರಿದು ಒಳಗೈತಿ, ಮೂರು ವರ್ಷ ಕಾದಮ್ಯಾಲೆ,
ಯಾಕಂದ್ರ ಸಕ್ಕರಿ ಪಾಲಿಸಿಗಿಂತ ಮೊದಲ ಬಂದೈತಿ.
ಕೊಬ್ಬಿಂದು ಒಳಗ, ಐದು ರೂಪಾಯಿಗೆ ಒಂದು ನಿಮ್ಮದು.
ಕಣ್ಣಿನ ಹನಿ ಹೊರಗ.
ಅಂಗಾಲ ಉರೀಗೆ ನುಂಗೂ ಈ ಕೆಂಪು ಗುಳಿಗಿ
ಔಷಧಾನ ಅಲ್ಲಂತ, ಶಕ್ತಿದಂತ.
ಮತ್ತ, ನಮ್ಮ ಅಂಗಡೀನ ಅವರ ಯಾದಿಯೊಳಗಿಲ್ಲರಿ.
ಇದ್ದದ್ದು ಹುಬ್ಬಳ್ಳಿಯಾಗ.

‘ಮೊದಲ ಇದ್ದ ರೋಗ’
ಆ ಸಾಲು ಎರಡು ಸಲ ಓದಿಸಿದರು.
‘ಎಪ್ಪತ್ತೊಂದಕ್ಕ ಮೊದಲ ಇರಲಾರದ್ದು ಏನೈತವ್ವಾ ನನ್ನ ಮೈಯಾಗ?’
ನಕ್ಕರು. ನಾನೂ ನಕ್ಕೆ.
ಸಕ್ಕರಿ ಗುಳಿಗಿ ಚೀಟಿ ತಿರುವಿದ್ರ
ಅದರ ಆಯುಷ್ಯ ಬರೂ ವರ್ಷಕ್ಕ ಮುಗೀತಿತ್ತು.

ಆಮ್ಯಾಲೆ ಕಿಸೆದಾಗಿಂದ ಮೊಂಡ ಕೆಂಪು ಪೆನ್ಸಿಲ್ಲು ತಗದರು.
ಸರ್ವೇದ ಕೈ ಅದು. ಹಳೇ ಬಾಗಲಕೋಟಿ ಮುಳುಗೂ ಮುಂದ
ಗ್ವಾಡಿ ಗ್ವಾಡಿಗೆ ಗೆರಿ ಎಳದ ಕೈ.
‘ಇಲ್ಲಿತನಕ ನೀರು, ಅಂತ ಬರೀತಿದ್ವಿ.
ಗೆರಿ ತೆಳಗಿದ್ದದ್ದಕ್ಕ ರೊಕ್ಕ,
ಮ್ಯಾಲಿದ್ದದ್ದಕ್ಕ ನಮಸ್ಕಾರ.
ಹೊಳಿ ಕಡೆ ಓಣಿಯಾಗ ಒಂದು ಮನಿ,
ಮೂರು ಮೆಟ್ಟಲ ಇಳದ್ರ ಅಡಿಗಿ ಮನಿ.
ಗೆರಿ ಬಂದದ್ದು ಎರಡನೇ ಮೆಟ್ಟಲಕ್ಕ.
ಒಲಿ ಮುಳುಗಡಿ, ಪಡಸಾಲಿ ಒಣಾ ನೆಲ.
ಹತ್ತಿ ಹಿಂಜೂ ಮುದುಕಿ ಒಬ್ಬಾಕಿ, ಮೈತುಂಬ ಹತ್ತಿ,
ಬಿಲ್ಲು ತೆಳಗಿಟ್ಟು ಕೇಳಿದಳು:
ಯಪ್ಪಾ, ನಿನ್ನ ಅಕ್ಷರ
ನೀರಿಗೆ ಓದಾಕ ಬರತಾವೇನೋ?’

ನೀವೇನಂದ್ರಿ?
‘ಏನಂತೀನಿ. ಒಂದು ಗೇಣು ಮ್ಯಾಲೆ ಎಳೀಬಹುದಿತ್ತು.
ಎಳೀಲಿಲ್ಲ. ಮಟ್ಟ ಹಂಗ ತೋರಿಸಿತ್ತು.’

ಆ ಎರಡನೇ ಮೆಟ್ಟಲದ ಮ್ಯಾಲೆ ಕುಂತು
ನಾ ರೊಟ್ಟಿ ತಿಂದೀನಿ. ಅಂಚು ಒಡದಿತ್ತು,
ಬಿಲ್ಲಿನ ಟಂಯ್ ಟಂಯ್ ಕಾಲಿಗೆ ಗೊತ್ತಾಗತಿತ್ತು.
ಅಕಿ ನಮ್ಮವ್ವನ ಅವ್ವ.
ಹೇಳಲಿಲ್ಲ ನಾ.
ಗಿರಾಕಿ ಒಬ್ಬ ಬಂದಾ, ಕೆಮ್ಮಿನ ಔಷಧಿ ಕೊಟ್ಟೆ,
ಚಿಲ್ಲರಿ ಎಣಿಸಿದೆ, ಎರಡು ಸಲ ತಪ್ಪಿದೆ.

ಅಷ್ಟೊತ್ತಿಗೆ ಅವರು ಇಪ್ಪತ್ತೆರಡನೇ ಹಾಳಿ ಮ್ಯಾಲೆ
ಮಾಪಿಲ್ಲದನ ನೆಟ್ಟಗೊಂದು ಗೆರಿ ಎಳದಿದ್ದರು,
ಬಾಜೂಕ ಬರದಿದ್ದರು, ಹಳೇ ಮೂರು ಶಬ್ದ ಅಲ್ಲ, ಎರಡ:
ಇಲ್ಲಿತನಕ ನಾನು.

‘ಸಕ್ಕರಿದು ಐದ ದಿನದ್ದು ಕೊಡು ಇವತ್ತ.
ಪಿಂಚಣಿ ಬಂದಮ್ಯಾಲೆ ಉಳದದ್ದು.’

ತಾರೀಖಿದ್ದ ಕಡಿ ಅಂಗಡಿಯಾಗ ಉಳೀಬೇಕು,
ಕತ್ತರಿಸಿದ್ದು ಗಿರಾಕಿಗೆ. ಮಾಲಕರ ಕಾನೂನು.
ಕತ್ತರಿ ಹಿಡದು ಒಂದೀಟು ನಿಂತೆ.
ತಾರೀಖಿದ್ದ ಕಡಿ ಅವರ ಚೀಲಕ್ಕ ಹಾಕಿದೆ,
ಐದರ ಬದಲಿ ಆರು ಗುಳಿಗಿ ಬಂದಿದ್ದವು.

ಎಣಿಸಿ ನೋಡಿದರು.
‘ಒಂದು ಹೆಚ್ಚಾತಲ್ಲವ್ವಾ?’
ಕತ್ತರಿ ಹಂಗ ಹೋತರಿ, ಅಂದೆ.